ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ: ಮೆಟ್ರೊ, ರೈಲು ಮತ್ತು 335ಇ ಬಸ್ಸು

ಕಾಡುಗೋಡಿಯ ಆಚೆಗಿರುವ ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವು ಸಾರಿಗೆ ಸೌಲಭ್ಯದ ಬಗ್ಗೆ ಮನವಿ ಪತ್ರವೊಂದನ್ನು ಸಿದ್ಧಪಡಿಸುತ್ತಿದೆ. ಮೆಟ್ರೊ ನಿಲ್ದಾಣದ ಬಳಿ ವಾಹನ ನಿಲ್ಲಿಸಲು ಹೆಚ್ಚಿನ ಜಾಗ ಬೇಕೆಂಬುದು ಕರಡಿನ ಮೊದಲ ಬೇಡಿಕೆ. ಬಸ್ಸಿನ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಕೆಲಸದ ನಿಮಿತ್ತ ಮೆಜೆಸ್ಟಿಕ್ ಕಡೆಗೆ ಆಗಾಗ ಹೋಗಬೇಕಾದ ನಾನು ಮೆಟ್ರೊ, ರೈಲು, ಬಸ್ಸು ಈ ಮೂರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬಳಸಿ ನೋಡಿದ್ದೇನೆ. ಕರಡನ್ನು ತಿದ್ದಬೇಕೆಂದು ನಾನು ಒತ್ತಾಯಿಸುತ್ತಿರುವುದು ಆ ಓಡಾಟದ ಆಧಾರದಿಂದಲೇ.

ಸಮಯವನ್ನಷ್ಟೇ ಲೆಕ್ಕ ಹಾಕಿದರೆ ಮೆಟ್ರೊಗೆ ಸಾಟಿಯಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ತುಂಡು ಸೇರಿಕೊಂಡ ಮೇಲೆ ನೇರಳೆ ಮಾರ್ಗವು ಚಲ್ಲಘಟ್ಟದವರೆಗೆ ಅಖಂಡವಾಯಿತು. ಈಗ ಒಂದು ಗಂಟೆಯೊಳಗೆ ಮೆಜೆಸ್ಟಿಕ್ ತಲುಪಬಹುದು, ಮಳೆ ಬಂದರೂ ಆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಆದರೆ 2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಣೆಯಾಗಿ ಗರಿಷ್ಠ ದರವು 60 ರೂಪಾಯಿಯಿಂದ 90ಕ್ಕೆ ಏರಿತು. ಮನೆಯಿಂದ ನಿಲ್ದಾಣಕ್ಕೆ ಆಟೊದಲ್ಲಿ ಹೋದರೆ ಖರ್ಚು ಇನ್ನೂ ಬೆಳೆಯುತ್ತದೆ. ನಡೆದು ಹೋಗೋಣವೆಂದರೆ ಪಾದಚಾರಿ ಮಾರ್ಗವು ಅಲ್ಲಲ್ಲಿ ಕಡಿದುಹೋಗಿ ವಾಹನಗಳ ನಡುವೆಯೇ ದಾರಿ ಹುಡುಕಬೇಕಾಗುತ್ತದೆ.

ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ವೈಟ್‌ಫೀಲ್ಡ್ ರೈಲು ನಿಲ್ದಾಣವಿದೆ. ಬಂಗಾರಪೇಟೆ, ಮಾರಿಕುಪ್ಪಂ ಕಡೆಯಿಂದ ಬರುವ ಪ್ಯಾಸೆಂಜರ್ ರೈಲುಗಳಲ್ಲಿ ಮೆಜೆಸ್ಟಿಕ್‌ವರೆಗಿನ ಟಿಕೆಟ್ಟಿಗೆ ಹತ್ತು ರೂಪಾಯಿ, ಸಮಯವೂ ಮೆಟ್ರೊಗಿಂತ ಬಹಳ ಹೆಚ್ಚೇನಲ್ಲ. ಕೆ.ಜಿ.ಎಫ್. ಕಡೆಯ ಜನ ನಿತ್ಯದ ಕೆಲಸಕ್ಕೆ ಬೆಂಗಳೂರಿಗೆ ಬಂದು ಹೋಗುವುದು ಇವೇ ರೈಲುಗಳಲ್ಲಿ. ತೊಂದರೆಯಿರುವುದು ವೇಳಾಪಟ್ಟಿಯಲ್ಲಿ: ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು. ದೂರದೂರಿನ ಎಕ್ಸ್‌ಪ್ರೆಸ್ ರೈಲುಗಳೂ ಗೂಡ್ಸ್ ರೈಲುಗಳೂ ಇದೇ ಹಳಿಯಲ್ಲಿ ಓಡುವುದರಿಂದ ಸ್ಥಳೀಯ ರೈಲುಗಳನ್ನು ಹೆಚ್ಚಿಸುವುದು ಸುಲಭವಲ್ಲ. ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್‌ವರೆಗೆ ಇನ್ನೆರಡು ಹಳಿ ಹಾಕುವ ಕಾಮಗಾರಿ ವರ್ಷಗಳಿಂದ ಸಾಗಿದೆ. ಉಪನಗರ ರೈಲು ಯೋಜನೆಯಲ್ಲಿ ಕೆಂಗೇರಿ ಮತ್ತು ವೈಟ್‌ಫೀಲ್ಡ್ ನಡುವಿನ ಮಾರ್ಗಕ್ಕೆ ‘ಪಾರಿಜಾತ’ ಎಂಬ ಚಂದದ ಹೆಸರನ್ನಿಟ್ಟಿದ್ದಾರೆ. ಅದು ಹಳಿಗಿಳಿದರೆ ನಮ್ಮ ಈ ಹೋಲಿಕೆಯೇ ಬದಲಾಗುತ್ತದೆ.

ಇನ್ನು 335ಇ. ದಟ್ಟಣೆಯ ಹೊತ್ತಿನಲ್ಲಿ ಮಾರತಹಳ್ಳಿ ದಾಟುವಷ್ಟರಲ್ಲೇ ತಾಳ್ಮೆ ತೀರುತ್ತದೆ; ಮೆಜೆಸ್ಟಿಕ್ ತಲುಪಲು ಮೆಟ್ರೊಗೆ ಹಿಡಿಯುವ ಸಮಯದ ಎರಡರಷ್ಟು ಬೇಕಾಗುವುದು ಸಾಮಾನ್ಯ. ಮೆಟ್ರೊ ಬಂದ ಮೇಲೆ ಈ ಬಸ್ಸು ಯಾಕೆ ಎಂದು ಸಂಘದ ಸಭೆಯಲ್ಲಿ ಕೆಲವರು ಕೇಳಿದ್ದೂ ಇದಕ್ಕಾಗಿಯೇ. ಆದರೆ ಎರಡರ ದಾರಿಯೇ ಬೇರೆ ಎಂಬುದನ್ನು ಅವರು ಗಮನಿಸಿಲ್ಲ. ಮೆಟ್ರೊ ಮತ್ತು ರೈಲು ಎರಡೂ ಕೆ.ಆರ್. ಪುರ, ಬೈಯಪ್ಪನಹಳ್ಳಿಯ ಕಡೆಯಿಂದ ನಗರವನ್ನು ಹೊಗುತ್ತವೆ. ಬಸ್ಸು ಕುಂದಲಹಳ್ಳಿ, ಮಾರತಹಳ್ಳಿ, ಎಚ್‌ಎಎಲ್, ಮುರುಗೇಶಪಾಳ್ಯ, ದೊಮ್ಮಲೂರುಗಳ ಮೂಲಕ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಸಾಗುತ್ತದೆ. ಆ ರಸ್ತೆಯ ಆಸ್ಪತ್ರೆಗೆ ಹೋಗಬೇಕಾದ ಹಿರಿಯರು ಮೆಟ್ರೊದಲ್ಲಿ ಹೋದರೆ ಇಂದಿರಾನಗರದಲ್ಲಿಳಿದು ಮತ್ತೊಂದು ವಾಹನ ಹಿಡಿಯಬೇಕು. 335ಇಯಲ್ಲಿ ಕುಳಿತವರು ಒಂದೇ ಸಲ ಇಳಿದರೆ ಸಾಕು. ನಾನು ಬಸ್ಸಿನಲ್ಲಿ ಹೋದಾಗಲೆಲ್ಲ, ಹತ್ತಿದವರಲ್ಲಿ ಬಹುಪಾಲು ಜನ ಮೆಜೆಸ್ಟಿಕ್ ಬರುವುದಕ್ಕೆ ಬಹಳ ಮೊದಲೇ, ಈ ನಡುವಿನ ನಿಲ್ದಾಣಗಳಲ್ಲೇ ಇಳಿದುಹೋಗುತ್ತಿದ್ದರು.

ಶಕ್ತಿ ಯೋಜನೆಯ ಮಾತಂತೂ ಇದ್ದೇ ಇದೆ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೂ ಮೆಟ್ರೊಗೂ ಆ ಸೌಲಭ್ಯವಿಲ್ಲ. ನಮ್ಮ ಮನೆಗಳಲ್ಲಿ ಅಡುಗೆ ಮಾಡಿ, ಪಾತ್ರೆ ತೊಳೆದು, ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಲ್ಲಿ ಹಲವರು ಮಾರತಹಳ್ಳಿಯ ಕಡೆಯಿಂದ ಬಸ್ಸಿನಲ್ಲೇ ಬರುತ್ತಾರೆ. ಇಂದು ಅವರ ಪ್ರಯಾಣದ ಖರ್ಚು ಸೊನ್ನೆ. ಮೆಟ್ರೊ ಅವರ ಮನೆಯ ಬಳಿ ಹಾದುಹೋಗುವುದಿಲ್ಲ. ಹಾದುಹೋಗಿದ್ದರೂ ಹೋಗಿಬರುವ ಟಿಕೆಟ್ಟು ದಿನದ ದುಡಿಮೆಯಲ್ಲಿ ಕಣ್ಣಿಗೆ ಕಾಣುವಷ್ಟನ್ನು ತಿಂದುಬಿಡುತ್ತಿತ್ತು. ಇವರಾರೂ ಸಂಘದ ಸದಸ್ಯರಲ್ಲ, ಸರ್ವ ಸದಸ್ಯರ ಸಭೆಯಲ್ಲಿ ಎದ್ದು ಮಾತನಾಡುವ ಅವಕಾಶವೂ ಅವರಿಗಿಲ್ಲ. ಅವರ ದುಡಿಮೆಯ ಆಸರೆಯಲ್ಲಿ ಬದುಕುವ ನಾವು ಅವರ ಬಸ್ಸನ್ನು ಮರೆತು ನಮ್ಮ ಕಾರುಗಳಿಗೆ ಜಾಗ ಕೇಳುವುದು ನನಗಂತೂ ಸರಿಕಾಣುವುದಿಲ್ಲ.

ಆದ್ದರಿಂದ, ಬೆಳಗ್ಗೆ ಕಚೇರಿಗೆ ಹೊತ್ತಿಗೆ ಸರಿಯಾಗಿ ಸೇರಬೇಕಾದವರು ಮೆಟ್ರೊ ಹಿಡಿಯಲಿ; ರೈಲಿನ ವೇಳೆಗೆ ತಮ್ಮ ವೇಳೆ ಹೊಂದುವವರಿಗೆ ತಿಂಗಳ ಪಾಸಿನಷ್ಟು ಅಗ್ಗದ್ದು ಬೇರೆ ಇಲ್ಲ; ಹಳೆ ವಿಮಾನ ನಿಲ್ದಾಣ ರಸ್ತೆಯವರಿಗೆ 335ಇ ಬಿಟ್ಟರೆ ನೇರ ದಾರಿಯಿಲ್ಲ. ಕರಡಿನಲ್ಲಿ ವಾಹನ ನಿಲುಗಡೆಯ ಬೇಡಿಕೆಯನ್ನು ಕೊನೆಗೆ ಸರಿಸಿ, ಮೂರು ವಿಷಯಗಳನ್ನು ಮೊದಲು ಬರೆಯೋಣ: ಬಡಾವಣೆಯ ಒಳರಸ್ತೆಗಳಿಂದ ನಿಲ್ದಾಣಕ್ಕೆ ಬೆಳಗ್ಗೆ ಮತ್ತು ಸಂಜೆ ಓಡುವ ಫೀಡರ್ ಬಸ್ಸು, ನಿಲ್ದಾಣದವರೆಗೆ ಎಲ್ಲೂ ಕಡಿಯದ ಪಾದಚಾರಿ ಮಾರ್ಗ, ಮತ್ತು ಮೆಟ್ರೊ ಇದೆಯೆಂಬ ಕಾರಣಕ್ಕೆ 335ಇಯ ಸಾಮಾನ್ಯ ಬಸ್ಸುಗಳನ್ನು ಕಡಿಮೆ ಮಾಡುವುದಿಲ್ಲವೆಂಬ ಲಿಖಿತ ಭರವಸೆ. ಸಹಿ ಸಂಗ್ರಹಿಸುವಾಗ ಮನೆಗೆಲಸದವರ ಮತ್ತು ಕಾವಲುಗಾರರ ಸಹಿಯನ್ನೂ ಪಡೆಯೋಣ. ಮನವಿ ಪತ್ರಕ್ಕೆ ಸದಸ್ಯತ್ವದ ನಿಯಮ ಅಡ್ಡಿ ಬರುವುದಿಲ್ಲ.