ಮೂರು ಮಳೆಗಾಲ ಕಂಡ ವಿದ್ಯುತ್ ಕಾರು: ಹೀಟರಿನ ವಾಸನೆ ಹೋದ ಬಗೆ

ಉಡುಪಿಯಿಂದ ಮಂಗಳೂರಿಗೆ ವಾರದಲ್ಲಿ ಮೂರು ದಿನ ಹೋಗಿಬರಲೆಂದು ಕೊಂಡ ವಿದ್ಯುತ್ ಕಾರನ್ನು ಮೂರು ವರ್ಷಗಳಿಂದ ಓಡಿಸುತ್ತಿದ್ದೇನೆ. ಓಡಿದ ದೂರ ಈಗ 58,000 ಕಿ.ಮೀ. ದಾಟಿದೆ. ಬ್ಯಾಟರಿಯ ಬಗ್ಗೆಯಾಗಲಿ ಮೋಟಾರಿನ ಬಗ್ಗೆಯಾಗಲಿ ನನ್ನ ದೂರಿಲ್ಲ. ನನ್ನನ್ನು ಬಹಳ ಕಾಲ ಕಾಡಿದ್ದು ಹೀಟರ್ ಹಾಕಿದಾಗ ಬರುತ್ತಿದ್ದ ದುರ್ವಾಸನೆ.

ಕರಾವಳಿಯಲ್ಲಿ ಹೀಟರ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಚಳಿಗೆ ಬೇಡ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮುಂದಿನ ಗಾಜಿನ ಒಳಬದಿಗೆ ಮಂಜು ಹಿಡಿದರೆ ಡಿಫಾಗರ್ ಗುಂಡಿ ಒತ್ತಲೇಬೇಕು. ಆಗ ಏಸಿಯು ಗಾಳಿಯ ತೇವವನ್ನು ತೆಗೆಯುತ್ತದೆ, ಹೀಟರು ಆ ಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಬಿಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಈ ಬಿಸಿ ಎಂಜಿನ್ನಿನಿಂದ ಪುಕ್ಕಟೆ ಸಿಗುತ್ತದೆ. ನನ್ನ ಕಾರಿನಲ್ಲಿ ಅದಕ್ಕಾಗಿ ಡ್ಯಾಶ್‌ಬೋರ್ಡಿನೊಳಗೆ ಪಿಟಿಸಿ ಹೀಟರ್ ಇದೆ. ಬಿಸಿಯೇರಿದಂತೆ ವಿದ್ಯುತ್ತಿಗೆ ತಡೆಯನ್ನು ಹೆಚ್ಚಿಸಿಕೊಂಡು ತನ್ನ ಉಷ್ಣತೆಯನ್ನು ತಾನೇ ಮಿತಿಯಲ್ಲಿಡುವ ಸೆರಾಮಿಕ್ ಬಿಲ್ಲೆಗಳ ಸಾಲು ಅದು.

ಮೊದಲ ಮಳೆಗಾಲದಲ್ಲಿ ಬಂದದ್ದು ಸುಟ್ಟ ಧೂಳಿನ ವಾಸನೆ. ಬೇಸಗೆಯಿಡೀ ಉಪಯೋಗವಿಲ್ಲದೆ ಕೂತ ಹೀಟರಿನ ಮೇಲಿನ ಧೂಳು ಕಾದು ಹಾಗಾಗುತ್ತದೆ. ಕಿಟಕಿ ಇಳಿಸಿ ಹತ್ತು ನಿಮಿಷ ಬ್ಲೋವರನ್ನು ಜೋರಾಗಿ ಓಡಿಸಿದರೆ ಹೋಗುತ್ತದೆ. ಈಗ ಮೇ ಕೊನೆಯಲ್ಲೇ ಒಮ್ಮೆ ಹಾಗೆ ಓಡಿಸಿಬಿಡುತ್ತೇನೆ.

ಎರಡನೆಯ ವರ್ಷದ್ದು ಬೇರೆಯೇ ವಾಸನೆ. ಆಟಿ ತಿಂಗಳಲ್ಲಿ ನಾಲ್ಕು ದಿನವಾದರೂ ಒಣಗದೆ ಹಗ್ಗದ ಮೇಲೇ ಉಳಿದ ಬಟ್ಟೆಯ ಮುಗ್ಗಲು ವಾಸನೆ ಎಂದರೆ ನಮ್ಮೂರಿನವರಿಗೆ ಬೇರೆ ವಿವರಣೆ ಬೇಡ. ಪಡುಬಿದ್ರಿ ದಾಟುವಷ್ಟರಲ್ಲಿ ಅಮ್ಮನಿಗೆ ವಾಂತಿ ಬರುವಂತಾಗುತ್ತಿತ್ತು. ವಾಸನೆ ಮರೆಯಾಗಲೆಂದು ಅವರು ಶಂಕರಪುರ ಮಲ್ಲಿಗೆಯ ಚೆಂಡೊಂದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ಎರಡೂ ಸೇರಿ ಇನ್ನೂ ಅಸಹ್ಯವಾಯಿತು. ಸರ್ವಿಸ್ ಸೆಂಟರಿನಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಸುಗಂಧದ ಸ್ಪ್ರೇ ಹೊಡೆದು 1,200 ರೂಪಾಯಿ ತೆಗೆದುಕೊಂಡರು, ವಾಸನೆ ಒಂಬತ್ತನೆಯ ದಿನಕ್ಕೆ ಮರಳಿತು. ಕಾರಣ ಹುಡುಕದೆ ಹಣ ಪಡೆದದ್ದು ಸರಿಯಲ್ಲ ಎಂದು ಅವರಿಗೆ ಬರೆದು ಕೊಟ್ಟಿದ್ದೇನೆ.

ತಪ್ಪು ಹೀಟರಿನದ್ದಾಗಿರಲಿಲ್ಲ. ಗಾಳಿಯು ಮೊದಲು ಇವ್ಯಾಪರೇಟರನ್ನು, ಅಂದರೆ ಗಾಳಿಯನ್ನು ತಂಪು ಮಾಡುವ ಏಸಿಯ ತಣ್ಣನೆಯ ಭಾಗವನ್ನು, ಹಾದು ಅನಂತರ ಹೀಟರಿಗೆ ಬರುತ್ತದೆ. ಇವ್ಯಾಪರೇಟರಿನ ಸಣ್ಣ ರೆಕ್ಕೆಗಳ ಮೇಲೆ ನೀರು ಹನಿಗಟ್ಟುತ್ತದೆ, ಆ ನೀರು ಒಂದು ಕೊಳವೆಯ ಮೂಲಕ ಕಾರಿನ ಕೆಳಗೆ ತೊಟ್ಟಿಕ್ಕಬೇಕು. ಅದು ಹೋಗದೆ ನಿಂತರೆ ಬೂಷ್ಟು ಬೆಳೆಯುತ್ತದೆ, ಬಿಸಿ ತಾಗಿದೊಡನೆ ಅದರ ವಾಸನೆ ಮುಖಕ್ಕೆ ರಾಚುತ್ತದೆ. ಏಸಿ ಹಾಕಿ ನಿಲ್ಲಿಸಿದಾಗ ನನ್ನ ಕಾರಿನಡಿಯ ಸಿಮೆಂಟು ನೆಲ ಒಣಗಿಯೇ ಇರುವುದನ್ನು ನಾನು ಅಷ್ಟು ದಿನ ಗಮನಿಸಿರಲಿಲ್ಲ. ಸುರತ್ಕಲ್ಲಿನ ಒಬ್ಬ ಏಸಿ ಮೆಕ್ಯಾನಿಕ್ ಮೊದಲು ನೋಡಿದ್ದೇ ಅದನ್ನು. ಅವರು ಕೆಳಗಿನಿಂದ ಕೊಳವೆಗೆ ಗಾಳಿಯ ಒತ್ತಡ ಕೊಟ್ಟಾಗ ಕೆಸರಿನ ಉಂಡೆಯೊಂದು ಕಳಚಿ, ಅದರ ಹಿಂದೆಯೇ ಒಂದು ಲೋಟದಷ್ಟು ಕಪ್ಪು ನೀರು ಸುರಿಯಿತು.

ಬಳಿಕ ಗ್ಲೋವ್ ಬಾಕ್ಸಿನ ಹಿಂದಿನ ಫಿಲ್ಟರನ್ನು ಎಳೆದು ಹಳೆಯ ಪತ್ರಿಕೆಯ ಮೇಲಿಟ್ಟರು. ಅದರ ಮಡಿಕೆಗಳಲ್ಲಿ ಗಾಳಿಮರದ ಸೂಜಿಯೆಲೆಗಳೂ ನಮ್ಮ ಅಂಗಳದ ಮಾವಿನ ಹೂವಿನ ಪುಡಿಯೂ ತೇವದಲ್ಲಿ ಅಂಟಿ ಕೊಳೆತಿದ್ದವು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಬರುವ ಜಾಲರಿಯ ಕೆಳಗೆ ಒಂದು ಮುಷ್ಟಿ ಎಲೆಗೊಬ್ಬರವೇ ಸಿಕ್ಕಿತು. ಇವ್ಯಾಪರೇಟರನ್ನು ನೊರೆಯ ಕ್ಲೀನರಿನಿಂದ ತೊಳೆದು, ಇದ್ದಿಲಿನ ಪದರವಿರುವ ಹೊಸ ಫಿಲ್ಟರ್ ಹಾಕಿದರು. ಒಟ್ಟು ಖರ್ಚು 2,600 ರೂಪಾಯಿ.

ಈ ತೊಳೆಯುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಇವ್ಯಾಪರೇಟರಿನ ಪಕ್ಕದಲ್ಲೇ ಇರುವ ಹೀಟರಿಗೆ ಕಿತ್ತಳೆ ಬಣ್ಣದ ವೈರುಗಳಲ್ಲಿ ಬರುವುದು ಜೀವ ತೆಗೆಯಬಲ್ಲ ವೋಲ್ಟೇಜು. ವಿದ್ಯುತ್ ಕಾರಿನ ಕೆಲಸ ಕಲಿತವರು ಆ ಸಂಪರ್ಕವನ್ನು ಕಡಿದ ಮೇಲೆಯೇ ಅಲ್ಲಿಗೆ ಕೈ ಹಾಕಬೇಕು. ಪ್ಲಾಸ್ಟಿಕ್ಕೋ ವೈರೋ ಸುಟ್ಟಂಥ ವಾಸನೆ ಬಂದರಂತೂ ಹೀಟರ್ ಆರಿಸಿ, ಗಾಡಿಯನ್ನು ಬದಿಗೆ ನಿಲ್ಲಿಸಿ, ಎಲ್ಲರೂ ಇಳಿದು ಸಹಾಯಕ್ಕೆ ಕರೆ ಮಾಡುವುದೇ ಸರಿ. ಕೂಲಂಟ್ ಎಂಬ ದ್ರವವನ್ನು ಬಿಸಿ ಮಾಡಿ ಒಳಗೆ ಹರಿಸುವ ಹೀಟರಿನ ಕಾರುಗಳಲ್ಲಿ ಸಿಹಿ ವಾಸನೆಯೂ ಗಾಜಿನ ಮೇಲೆ ಜಿಡ್ಡಿನ ಪದರವೂ ಕಂಡರೆ ಕೂಲಂಟ್ ಸೋರುತ್ತಿರಬಹುದು.

ನಾನು ಬದಲಿಸಿಕೊಂಡ ಅಭ್ಯಾಸ ಸಣ್ಣದು. ಮನೆ ತಲುಪಲು ಐದು ನಿಮಿಷವಿರುವಾಗ ಏಸಿಯನ್ನು ಮಾತ್ರ ಆರಿಸಿ, ಹೊರಗಾಳಿಯ ಗುಂಡಿ ಒತ್ತಿ, ಬ್ಲೋವರನ್ನು ಓಡಲು ಬಿಡುತ್ತೇನೆ. ಒಳಗಿನ ತೇವ ಬಹುಪಾಲು ಆರುತ್ತದೆ. ನಿಲ್ಲಿಸಿದ ಮೇಲೆ ತಾನಾಗಿ ಬ್ಲೋವರ್ ಓಡಿಸಿ ಒಣಗಿಸುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ, ನನ್ನದರಲ್ಲಿಲ್ಲ. ಇಷ್ಟು ಮಳೆ ಬೀಳುವ ಊರುಗಳಿಗೆ ಕಾರು ಮಾರುವವರು ಅದನ್ನು ಕೊಡಲೇಬೇಕಿತ್ತು. ಫಿಲ್ಟರನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಬದಲಿಸುತ್ತೇನೆ.

ಕಳೆದ ಜುಲೈಯಲ್ಲಿ ಅಮ್ಮನನ್ನು ಕರೆದುಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆವು. ಹದಿನಾಲ್ಕು ತಿರುವುಗಳುದ್ದಕ್ಕೂ ಮಂಜು, ಡಿಫಾಗರ್ ಒಂದು ಕ್ಷಣವೂ ಆರಲಿಲ್ಲ. ಅಮ್ಮ ಕಿಟಕಿ ಇಳಿಸಲು ಹೇಳಲಿಲ್ಲ. ಮೇಲೆ ನಿಲ್ಲಿಸಿ ಇಳಿದಾಗ ಎಡಸೀಟಿನ ಕೆಳಗೆ ರಸ್ತೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.