ತೋಟಕ್ಕೆ ಜಾಲರಿ ಬೇಲಿ ಹಾಕಿಸಿದೆ: ಅಳತೆ ಬಲ್ಲ ತಂಡದ ಕೆಲಸ

ತಿಪಟೂರು ತಾಲ್ಲೂಕಿನಲ್ಲಿ ನಮ್ಮದು ಒಂದು ಎಕರೆ ತೆಂಗಿನ ತೋಟ. ಅಗಲ 132 ಅಡಿ, ಉದ್ದ 330 ಅಡಿ, ಸರಿಯಾಗಿ 40 ಗುಂಟೆ. ಕಾಡುಹಂದಿ ಕಾಟ ತಡೆಯಲಾರದೆ ಈ ಬೇಸಿಗೆಯಲ್ಲಿ ಕಲ್ಲುಕಂಬ ನೆಡಿಸಿ ಜಾಲರಿ ಬೇಲಿ ಹಾಕಿಸಿದೆ. ಕೆಲಸ ಮಾಡಿದ್ದು ಪಕ್ಕದ ಹೋಬಳಿಯ ಐದು ಜನರ ತಂಡ. ಬೇಲಿ ಹಾಕಿಸುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಇವರಿಗಿಂತ ಮೊದಲು ಬಂದಿದ್ದ ಬೇರೊಬ್ಬರು ಪಹಣಿ ನೋಡಿ, ಎಕರೆಗೆ ಇಷ್ಟು ಅಂತ ಕೂತಲ್ಲೇ ರೇಟು ಹೇಳಿದ್ದರು. ಮೂಲೆಯಲ್ಲಿ ತಮ್ಮನ ಬೋರ್‌ವೆಲ್ ಇದೆ, ಅದಕ್ಕೆ 33 ಅಡಿ ಚೌಕ, ಅಂದರೆ ಒಂದು ಗುಂಟೆ ಬೇಲಿಯಿಂದ ಆಚೆ ಬಿಡಬೇಕು ಅಂದೆ. "ಹಂಗಾದ್ರೆ ಬೇಲಿ ಕಮ್ಮಿ ಆಗುತ್ತೆ, ರೇಟೂ ಇಳಿಸ್ತೀನಿ" ಅಂದರು. ಜಾಗ ಕಮ್ಮಿಯಾದರೆ ಸುತ್ತೂ ಕಮ್ಮಿ ಅಂತ ನಾನೂ ನಂಬಿದ್ದೆ.

ಈ ತಂಡದ ಮೇಸ್ತ್ರಿ ಒಪ್ಪಲಿಲ್ಲ. ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಗೂಟ ಹೊಡೆದು, ತೆಂಗಿನ ನಾರಿನ ಹಗ್ಗವನ್ನು ಹಳೆ ಮೂಲೆ ಬಳಸಿ ಎಳೆದು ಕಟ್ಟಿದರು. ಆಮೇಲೆ ಎರಡು ತುದಿ ಬಿಚ್ಚದೆ, ಮೂಲೆಯ ಗೂಟದಿಂದ ಮಾತ್ರ ಹಗ್ಗ ಕಳಚಿ ಒಳಗಿನ ಗೂಟಕ್ಕೆ ಸಿಕ್ಕಿಸಿದರು. ಹಗ್ಗ ಸಡಿಲವೂ ಆಗಲಿಲ್ಲ, ಸಾಲದೆಯೂ ಬರಲಿಲ್ಲ. "ನೋಡಕ್ಕಾ, ಹೊರಗೆ ಎರಡು 33 ಹೋಯ್ತು, ಒಳಗೆ ಎರಡು 33 ಬಂತು. ಒಂದು ಗುಂಟೆ ಬಿಟ್ರೂ ಸುತ್ತು ಅದೇ 924 ಅಡಿ." ಮಗಳು ಶಾಲೆ ಪುಸ್ತಕದಲ್ಲಿ ಸುತ್ತಳತೆ ಲೆಕ್ಕ ಮಾಡುವಾಗ ಪಕ್ಕದಲ್ಲೇ ಕೂತಿರುತ್ತೇನೆ. ಆದರೂ ನನಗೆ ಅದು ಮನಸ್ಸಿಗೆ ಇಳಿದದ್ದು ಆ ಹಗ್ಗ ಮುಟ್ಟಿ ನೋಡಿದಾಗ.

ಉದ್ದದ ಬದಿಯಲ್ಲಿ ನಾಗರಕಟ್ಟೆ ಇದೆ. ಊರಿನವರು ಪೂಜೆಗೆ ಬರುವ ಜಾಗ, ಒಳಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. 20 ಅಡಿ ಅಗಲಕ್ಕೆ ಬೇಲಿ 15 ಅಡಿ ಒಳಗೆ ಸರಿಯಿತು. ಇದು ಮೂಲೆಯಲ್ಲ, ಬದಿಯ ನಡುವೆ. ಇಲ್ಲಿ ಜಾಗ ಕಮ್ಮಿಯಾಗಿ ಬೇಲಿ ಜಾಸ್ತಿಯಾಯಿತು: ಆ 20 ಅಡಿ ಹಾಗೇ ಉಳಿದು, ಒಳಕ್ಕೆ ಹೋಗಲು 15, ವಾಪಸ್ ಬರಲು 15, ಒಟ್ಟು 30 ಅಡಿ ಸೇರಿತು. ಇನ್ನೊಂದು ಮೂಲೆಯಲ್ಲಿ ಟ್ರ್ಯಾಕ್ಟರ್ ತಿರುಗಲಿ ಅಂತ ಓರೆಯಾಗಿ ಕತ್ತರಿಸಿದರು. ಒಂದು ಕಡೆ 12, ಇನ್ನೊಂದು ಕಡೆ 16 ಬಿಟ್ಟರೆ ಓರೆ 20. 28 ಅಡಿ ಇದ್ದಲ್ಲಿ 20, ಎಂಟು ಅಡಿ ಉಳಿತಾಯ. ಅಲ್ಲಿಗೆ 946. ಗೇಟಿನ 14 ಅಡಿ ಕಳೆದರೆ ಜಾಲರಿ ಬೇಕಾದದ್ದು 932 ಅಡಿ.

ಅವರು ಬಿಡಿಸಿ ಹೇಳಿದ ಇನ್ನೊಂದು ವಿಷಯ ನನಗೆ ದೊಡ್ಡದು. ಸುತ್ತು ಬದಲಾಗದಿದ್ದರೂ ಮೂಲೆಗಳು ಹೆಚ್ಚುತ್ತವೆ. ನಾಲ್ಕು ಇದ್ದದ್ದು ನಮ್ಮಲ್ಲಿ ಹನ್ನೊಂದಾಯಿತು. ಮೂಲೆಯ ಕಂಬವನ್ನು ಜಾಲರಿ ಎರಡೂ ಕಡೆಯಿಂದ ಎಳೆಯುವುದರಿಂದ ಪ್ರತಿಯೊಂದಕ್ಕೂ ಎರಡು ಆಸರೆ ಕಲ್ಲು ಬೇಕು. ಅಂದರೆ 8 ಕಲ್ಲಿನ ಜಾಗದಲ್ಲಿ 22. ಖರ್ಚು ಏರಿದ್ದು ಮುಖ್ಯವಾಗಿ ಇಲ್ಲಿ, ಅದನ್ನು ಕೆಲಸ ಶುರುವಾಗುವ ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟರು.

ಒಂದು ದೂರು ಇದೆ. ಬೋರ್‌ವೆಲ್ ಹತ್ತಿರ ನೆಲದಲ್ಲಿ ಬಂಡೆ ಸಿಕ್ಕಿತ್ತು, ಎರಡು ಆಸರೆ ಕಲ್ಲನ್ನು ಮೇಲೆಮೇಲೆ ಹೂಳಿದ್ದರು. ಕೈಯಲ್ಲಿ ತಳ್ಳಿದರೆ ಅಲುಗಾಡುತ್ತಿತ್ತು. ಫೋನ್ ಮಾಡಿದ ಮೂರನೇ ದಿನ ಬಂದು, ಕಿತ್ತು, ಬಂಡೆ ಕೊರೆದು, ಕಾಂಕ್ರೀಟ್ ಹಾಕಿ ನಿಲ್ಲಿಸಿದರು. ನಾನು ನೋಡದಿದ್ದರೆ ಹಾಗೇ ಉಳಿಯುತ್ತಿತ್ತು, ಆದ್ದರಿಂದ ಕೆಲಸ ಮುಗಿದ ದಿನ ಎಲ್ಲ ಕಲ್ಲನ್ನೂ ಒಮ್ಮೆ ತಳ್ಳಿ ನೋಡಿ.

ಜಾಲರಿಯ ಕೆಲಸ ಮಾತ್ರ ಅಚ್ಚುಕಟ್ಟು. ಒಂದು ಸುರುಳಿ ಮುಗಿದಲ್ಲಿ ತಂತಿ ಸುತ್ತಿ ಬಿಗಿದಿಲ್ಲ. ತುದಿಯ ಒಂದೇ ಎಳೆ ಬಿಚ್ಚಿ, ಎರಡು ಸುರುಳಿಯ ಕಣ್ಣುಗಳಲ್ಲಿ ತಿರುಗಿಸುತ್ತಾ ಹೆಣೆದಿದ್ದಾರೆ, ಜೋಡಣೆ ಎಲ್ಲಿದೆ ಅಂತ ಹುಡುಕಬೇಕು. 50 ಅಡಿಯ 19 ಸುರುಳಿ ತಂದಿದ್ದರು. ಉಳಿದ 18 ಅಡಿಯನ್ನು ಸುತ್ತಿ ಜಗಲಿ ಮೇಲೆ ಇಟ್ಟು, "ಇದು ನಿಮ್ದೇ ಅಕ್ಕಾ" ಅಂದು ಹೋದರು. ಈಗ ಅದು ಕರುವಿನ ಕೊಟ್ಟಿಗೆಯ ಬಾಯಿಗೆ ಅಡ್ಡ ನಿಂತಿದೆ.