ಫಾರಿನ್‌ನಲ್ಲಿ ಕ್ಯಾಶ್ ತೆಗೆಯೋಕೆ ಝೀರೋ ಮಾರ್ಕಪ್ ಡೆಬಿಟ್ ಕಾರ್ಡು: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ರಿವ್ಯೂ

ಮೊದಲೇ ರೇಟಿಂಗ್ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು. ಕಾರ್ಡು ಹೇಳಿದ ಕೆಲಸ ಸರಿಯಾಗಿ ಮಾಡ್ತಾ ಬಂದಿದೆ, ಈಗ್ಲೂ ಹೊರದೇಶಕ್ಕೆ ಹೋಗ್ವಾಗ ಪರ್ಸಲ್ಲಿ ಮೊದಲು ಇಡೋದು ಅದನ್ನೇ. ಆದ್ರೆ ಈ ಕಾರ್ಡ್ ತಗೊಂಡ್ರೆ ಫಾರಿನ್‌ನಲ್ಲಿ ಕ್ಯಾಶ್ ಪೂರ್ತಿ ಫ್ರೀ ಅಂದ್ಕೊಂಡು ಹೋಗೋರು ಎಷ್ಟೋ ಜನ ಇದಾರೆ, ಅವರು ವಾಪಸ್ ಬಂದು ಸ್ಟೇಟ್‌ಮೆಂಟ್ ನೋಡಿ ಕಾರ್ಡನ್ನ ಬೈತಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ವಿಷಯ ಏನಂದ್ರೆ, ಬೇರೆ ದೇಶದ ಎಟಿಎಂನಲ್ಲಿ ದುಡ್ಡು ತೆಗೆದಾಗ ಒಂದೇ ಚಾರ್ಜ್ ಬೀಳಲ್ಲ, ಪದರ ಪದರವಾಗಿ ಬೀಳತ್ತೆ. ಕಾರ್ಡ್ ನೆಟ್‌ವರ್ಕ್ ನಡೆಸೋ ಕಂಪನಿ, ಅಂದ್ರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್, ಅವತ್ತಿನ ರೇಟ್ ಹಾಕಿ ಲೋಕಲ್ ಕರೆನ್ಸಿಯನ್ನ ನಮ್ಮ ಕರೆನ್ಸಿಗೆ ತಿರುಗಿಸ್ತಾರೆ, ಆ ರೇಟ್ ಮಾರ್ಕೆಟ್ ರೇಟಿಗೆ ತುಂಬಾ ಹತ್ರ ಇರತ್ತೆ, ಅದರ ಬಗ್ಗೆ ನನಗೆ ಕಂಪ್ಲೇಂಟ್ ಇಲ್ಲ. ಅದರ ಮೇಲೆ ನಮ್ಮ ಬ್ಯಾಂಕು ನೂರಕ್ಕೆ 2, 3, ಮೂರೂವರೆ ಅಂತ ಸೇರ್ಸತ್ತಲ್ಲ, ಅದು ಮಾರ್ಕಪ್. ಅದಾದ್ಮೇಲೆ ಒಂದೊಂದು ಸಲ ತೆಗೆದಾಗ್ಲೂ ಇಷ್ಟು ಅಂತ ನಮ್ಮ ಬ್ಯಾಂಕಿನ ಫಿಕ್ಸೆಡ್ ಚಾರ್ಜ್ ಇರಬಹುದು. ಇನ್ನು ಎಟಿಎಂ ಯಾರದ್ದೋ ಅವರ ಚಾರ್ಜ್ ಬೇರೆ. ಝೀರೋ ಮಾರ್ಕಪ್ ಕಾರ್ಡಲ್ಲಿ ಖಂಡಿತ ಹೋಗೋದು ಇದರಲ್ಲಿ ಒಂದೇ ಒಂದು, ಆ ಮಾರ್ಕಪ್. ಫಿಕ್ಸೆಡ್ ಚಾರ್ಜ್ ಕೆಲವು ಕಾರ್ಡಲ್ಲಿ ಇಲ್ಲ, ಕೆಲವಲ್ಲಿ ತಿಂಗಳಿಗೆ ಇಷ್ಟರವರೆಗೆ ಫ್ರೀ ಆಮೇಲೆ ಪರ್ಸೆಂಟೇಜ್ ಅಂತ ಇದೆ. ಎಟಿಎಂ ಓನರ್ ಚಾರ್ಜಂತೂ ಹೆಚ್ಚಿನ ಕಾರ್ಡುಗಳಲ್ಲಿ ನಮ್ಮ ತಲೆ ಮೇಲೇ. ಅಮೆರಿಕದ ಚಾರ್ಲ್ಸ್ ಶ್ವಾಬ್ ಡೆಬಿಟ್ ಕಾರ್ಡಲ್ಲಿ ಆ ಓನರ್ ಚಾರ್ಜನ್ನೂ ತಿಂಗಳ ಕೊನೇಲಿ ಅಕೌಂಟಿಗೆ ವಾಪಸ್ ಹಾಕ್ತಾರೆ, ಅಂಥ ಕಾರ್ಡ್ ಸಿಗೋ ದೇಶದಲ್ಲಿ ಇರೋರು ಪುಣ್ಯವಂತರು, ಮಿಕ್ಕವರು ಲೆಕ್ಕ ಹಾಕ್ಲೇಬೇಕು.

ಈ ಲೆಕ್ಕ ಚೆನ್ನಾಗಿ ಅರ್ಥ ಆಗ್ಬೇಕಂದ್ರೆ ಥಾಯ್ಲೆಂಡ್ ತಗೊಳ್ಳಿ. ಅಲ್ಲಿ ಹೆಚ್ಚುಕಮ್ಮಿ ಎಲ್ಲಾ ಬ್ಯಾಂಕುಗಳೂ ವರ್ಷಗಟ್ಟಲೆ ಹೊರಗಿನ ಕಾರ್ಡಿಗೆ ಸಲಕ್ಕೆ 220 ಬಾತ್ ಹಾಕ್ತಾ ಇದ್ವು, ಈಗಿನದ್ದು ಬೇರೆ ಇರಬಹುದು, ಲೆಕ್ಕಕ್ಕೆ ಅದನ್ನೇ ಇಟ್ಕೊಳ್ಳೋಣ. ಎಷ್ಟು ತೆಗೆದ್ರೂ ಅದೇ 220. ಎರಡು ಸಾವಿರ ಬಾತ್ ತೆಗೆದ್ರೆ ನೂರಕ್ಕೆ 11 ಹೋಯ್ತು, ನಮ್ಮ ಝೀರೋ ಮಾರ್ಕಪ್ ಉಳಿಸಿದ್ದರ ಮೂರ್ನಾಲ್ಕು ಪಟ್ಟು. ಅದೇ 20 ಸಾವಿರ ಒಟ್ಟಿಗೆ ತೆಗೆದ್ರೆ ನೂರಕ್ಕೆ 1.1 ಮಾತ್ರ. ಕಾರ್ಡ್ ಅದೇ, ಮಷೀನ್ ಅದೇ, ಒಂದೇ ಸಲ ತೆಗೆದ್ರಾ ಹತ್ತು ಸಲ ತೆಗೆದ್ರಾ ಅನ್ನೋದಷ್ಟೇ ವ್ಯತ್ಯಾಸ. ಹಾಗಂತ ಬೇಕಾದ್ದಕ್ಕಿಂತ ಜಾಸ್ತಿ ತೆಗೆದು ಮಿಕ್ಕಿದ್ದನ್ನ ಏರ್‌ಪೋರ್ಟ್ ಕೌಂಟರಲ್ಲಿ ವಾಪಸ್ ಮಾರೋಕೆ ಹೋದ್ರೆ ಅಲ್ಲಿ ರೇಟು ಇನ್ನೂ ಕೆಟ್ಟದು, ಉಳಿಸಿದ್ದೆಲ್ಲ ಅಲ್ಲೇ ಹೋಗತ್ತೆ. ನಾನು ರೂಮು, ದೊಡ್ಡ ಅಂಗಡಿ, ಟಿಕೆಟ್ ಎಲ್ಲಾ ಕಾರ್ಡ್ ಉಜ್ಜಿ ಕೊಟ್ಬಿಟ್ಟು, ಸಂತೆ, ಆಟೋ, ಸಣ್ಣ ಹೋಟ್ಲಿಗೆ ಎಷ್ಟು ಬೇಕಾಗತ್ತೆ ಅಂತ ಅಂದಾಜು ಮಾಡಿ ಅಷ್ಟನ್ನ ಒಂದೋ ಎರಡೋ ಸಲದಲ್ಲಿ ತೆಗೀತೀನಿ.

ಎಲ್ಲಾ ಕಡೆ ದೊಡ್ಡ ಮೊತ್ತ ಬರಲ್ಲ ಅನ್ನೋದೂ ನೆನಪಿರ್ಲಿ. ವಿಯೆಟ್ನಾಂನಲ್ಲಿ ಕೆಲವು ಮಷೀನು ಸಲಕ್ಕೆ 20 ಲಕ್ಷ ಡಾಂಗ್ ಮೇಲೆ ಕೊಡಲ್ಲ, ಕೇಳೋಕೆ ಲಕ್ಷಗಟ್ಟಲೆ ಅನ್ಸತ್ತೆ ಆದ್ರೆ ಅದು ನೂರು ಡಾಲರ್ ಕೂಡ ಆಗಲ್ಲ, ಸೊ ಅಲ್ಲಿ ಲಿಮಿಟ್ ಜಾಸ್ತಿ ಇರೋ ಬ್ಯಾಂಕ್ ಯಾವುದು ಅಂತ ಹುಡುಕೋದೇ ಉಳಿತಾಯ. ಇಂಡೋನೇಷ್ಯಾದಲ್ಲಿ ಎಟಿಎಂ ಮೇಲೆ 50,000 ಅಥವಾ 1,00,000 ಅಂತ ಸ್ಟಿಕ್ಕರ್ ಇರತ್ತೆ, ಆ ಮಷೀನ್ ಯಾವ ನೋಟ್ ಕೊಡತ್ತೆ ಅಂತ. ಮಷೀನು ಒಂದು ಸಲಕ್ಕೆ ಹೊರಗೆ ಹಾಕೋ ನೋಟುಗಳ ಸಂಖ್ಯೆಗೆ ಮಿತಿ ಇರತ್ತೆ, ಹಾಗಾಗಿ 1,00,000 ಸ್ಟಿಕ್ಕರ್ ಇರೋದ್ರಲ್ಲಿ ಒಂದೇ ಸಲಕ್ಕೆ ಜಾಸ್ತಿ ಸಿಗತ್ತೆ. ಜಪಾನಲ್ಲಿ ತಲೆನೋವೇ ಇಲ್ಲ, ಸೆವೆನ್ ಇಲೆವೆನ್ ಅಂಗಡಿ ಒಳಗಿರೋ ಸೆವೆನ್ ಬ್ಯಾಂಕ್ ಎಟಿಎಂ ಹೊರಗಿನ ಕಾರ್ಡ್ ತಗೊಳತ್ತೆ, ಇಂಗ್ಲಿಷ್ ಮೆನು ಇದೆ, ರಾತ್ರಿ ಕೂಡ ಓಪನ್. ಬ್ರಿಟನ್‌ನಲ್ಲಿ ಬ್ಯಾಂಕ್ ಬ್ರಾಂಚ್ ಗೋಡೆಯಲ್ಲಿರೋ ಮಷೀನುಗಳಲ್ಲಿ ಹೆಚ್ಚಿನವು ಫ್ರೀ, ಫ್ರೀ ಅಂತ ಮೇಲೇ ಬರೆದಿರತ್ತೆ, ಸಣ್ಣ ಅಂಗಡಿಗಳಲ್ಲಿ ನಿಲ್ಲಿಸಿರೋವು ಚಾರ್ಜ್ ಮಾಡ್ತವೆ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬರಿಸೋ ವಿಷಯಕ್ಕೆ ಬರ್ತೀನಿ, ಡಿಸಿಸಿ. ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತಾರೆ. ಪಿನ್ ಹೊಡೆದು ಮೊತ್ತ ಒತ್ತಿದ್ಮೇಲೆ ಮಷೀನು ಒಂದು ಸ್ಕ್ರೀನ್ ತೋರಿಸತ್ತೆ, "ನಿಮ್ಮ ಕರೆನ್ಸಿಯಲ್ಲೇ ಇಷ್ಟು ಕಟ್ ಮಾಡ್ತೀವಿ, ರೇಟ್ ಗ್ಯಾರಂಟಿ, ಒಪ್ಪಿಗೆನಾ?" ಅಂತ. ನೋಡೋಕೆ ಸಹಾಯ ಮಾಡ್ತಿರೋ ಹಾಗೇ ಇರತ್ತೆ. ಒಪ್ಕೊಂಡ್ರೆ ವೀಸಾ ಮಾಸ್ಟರ್‌ಕಾರ್ಡ್ ರೇಟ್ ಪಕ್ಕಕ್ಕೆ ಹೋಯ್ತು, ಆ ಎಟಿಎಂನೋರು ಹಾಕಿದ್ದೇ ರೇಟು, ಅದರಲ್ಲಿ ಅವರ ಲಾಭ ನೂರಕ್ಕೆ 3 ಇರಬಹುದು, 12 ಕೂಡ ಇರಬಹುದು. 200 ಯುರೋ ತೆಗೆದಾಗ ಮೂರೂವರೆ ಪರ್ಸೆಂಟ್ ಮಾರ್ಕಪ್ ತಪ್ಪಿಸಿದ್ರೆ ನಮಗೆ ಉಳಿಯೋದು 7 ಯುರೋ, ಅದೇ ಮಷೀನಲ್ಲಿ ಹತ್ತು ಪರ್ಸೆಂಟ್ ಡಿಸಿಸಿಗೆ ಹೂಂ ಅಂದ್ರೆ ಹೋಗೋದು 20 ಯುರೋ. ಎಷ್ಟೇ ಒಳ್ಳೇ ಕಾರ್ಡ್ ಇರಲಿ ಇಲ್ಲಿ ಅದು ಏನೂ ಮಾಡೋಕಾಗಲ್ಲ, ಯಾಕಂದ್ರೆ ಕನ್ವರ್ಷನ್ ನಮ್ಮ ಬ್ಯಾಂಕಿಗೆ ಬರೋ ಮೊದಲೇ ಮುಗಿದುಹೋಗಿರತ್ತೆ. ಅದರ ಮೇಲೂ ಕೆಲವು ಬ್ಯಾಂಕು ಟ್ರಾನ್ಸಾಕ್ಷನ್ ಹೊರದೇಶದಲ್ಲಿ ಆಗಿದೆ ಅಂತ ತಮ್ಮ ಫಾರಿನ್ ಚಾರ್ಜನ್ನೂ ಹಾಕ್ತವೆ, ಕರೆನ್ಸಿ ನಮ್ಮದೇ ಆಗಿದ್ರೂ ಸಹ.

ಯುರೋಪಿಯನ್ ಯೂನಿಯನ್ನಿನಲ್ಲಿ 2019ರಲ್ಲಿ ರೂಲ್ ಮಾಡಿದ್ರು, 2020ರ ಏಪ್ರಿಲ್‌ನಿಂದ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ರೇಟಿಗಿಂತ ತಾವು ಎಷ್ಟು ಪರ್ಸೆಂಟ್ ಜಾಸ್ತಿ ತಗೊತಿದೀವಿ ಅಂತ ತೋರಿಸ್ಬೇಕು ಅಂತ. ಒಳ್ಳೇ ಕೆಲಸ. ಆದ್ರೂ ಪ್ರಾಗ್, ಬುಡಾಪೆಸ್ಟ್ ಥರದ ಊರುಗಳ ಟೂರಿಸ್ಟ್ ಬೀದಿಗಳಲ್ಲಿ ಯಾವ ಬ್ಯಾಂಕಿಗೂ ಸೇರದ ಎಟಿಎಂ ಹೆಜ್ಜೆಗೊಂದು ನಿಂತಿರತ್ತೆ, ಸ್ಕ್ರೀನಲ್ಲಿ ಒಪ್ಪಿಗೆ ಬಟನ್ ದೊಡ್ಡದು ಹಸಿರು, ಬೇಡ ಅನ್ನೋದು ಮೂಲೇಲಿ, ಓದಿದ್ರೆ ದುಡ್ಡೇ ಬರಲ್ವೇನೋ ಅನ್ಸೋ ಹಾಗೆ ಬರೆದಿರ್ತಾರೆ. ದಯವಿಟ್ಟು ನೆನಪಿಡಿ, ಕನ್ವರ್ಷನ್ ಬೇಡ ಅಂದ್ರೂ ದುಡ್ಡು ಬರತ್ತೆ. ಲೋಕಲ್ ಕರೆನ್ಸಿಯಲ್ಲೇ ಚಾರ್ಜ್ ಮಾಡು ಅಂತ ಒತ್ತಿ. ಸ್ಕ್ರೀನ್ ಅರ್ಥ ಆಗ್ಲಿಲ್ವಾ, ಕ್ಯಾನ್ಸಲ್ ಮಾಡಿ ಕಾರ್ಡ್ ತಗೊಂಡು ನಿಜವಾದ ಬ್ಯಾಂಕ್ ಬ್ರಾಂಚಿನ ಎಟಿಎಂಗೆ ನಡೀರಿ, ಐದು ನಿಮಿಷ ಜಾಸ್ತಿ ನಡೆದ್ರೆ ಒಂದು ಊಟದ ದುಡ್ಡು ಉಳಿಯತ್ತೆ. ಅಂಗಡಿ ಸ್ವೈಪ್ ಮಷೀನಲ್ಲೂ ಇದೇ ಪ್ರಶ್ನೆ ಬರತ್ತೆ, ಉತ್ತರ ಅಲ್ಲೂ ಲೋಕಲ್ ಕರೆನ್ಸಿನೇ.

ರೇಟ್ ಸರಿಯಾಗಿ ಬಿದ್ದಿದ್ಯಾ ಅಂತ ಹೇಗೆ ಗೊತ್ತಾಗತ್ತೆ ಅಂತ ಕೇಳ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ಇಬ್ಬರ ವೆಬ್‌ಸೈಟಲ್ಲೂ ಕನ್ವರ್ಷನ್ ಕ್ಯಾಲ್ಕುಲೇಟರ್ ಇದೆ, ತಾರೀಕು ಹಾಕಿ, ಎರಡೂ ಕರೆನ್ಸಿ ಹಾಕಿ, ಬ್ಯಾಂಕ್ ಫೀ ಅನ್ನೋ ಜಾಗದಲ್ಲಿ ಸೊನ್ನೆ ಹಾಕಿ. ಬರೋ ಅಂಕಿಯೂ ಸ್ಟೇಟ್‌ಮೆಂಟ್ ಅಂಕಿಯೂ ಹತ್ತಿರ ಹತ್ತಿರ ಇದ್ರೆ ಕಾರ್ಡ್ ಮಾತು ಉಳಿಸ್ಕೊಂಡಿದೆ ಅಂತ ಅರ್ಥ. ನಾನು ಪ್ರತಿ ಟ್ರಿಪ್ಪಲ್ಲೂ ಇದನ್ನ ನೋಡ್ತೀನಿ, ನನ್ನ ಕಾರ್ಡಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಯಾವತ್ತೂ ಬಂದಿಲ್ಲ, ನಾಲ್ಕು ಸ್ಟಾರ್ ಕೊಡೋಕೆ ಮುಖ್ಯ ಕಾರಣ ಅದೇ. ಚೆಕ್ ಮಾಡ್ವಾಗ ಒಂದು ಗಮನಿಸಿ, ಎಟಿಎಂ ಚಾರ್ಜು ತೆಗೆದ ಮೊತ್ತದ ಜೊತೆಗೇ ಸೇರಿ ಬರತ್ತೆ. ಹತ್ತು ಸಾವಿರ ಬಾತ್ ತೆಗೆದ್ರೆ ಸ್ಟೇಟ್‌ಮೆಂಟಲ್ಲಿ 10,220 ಬಾತಿನ ಲೆಕ್ಕ ಇರತ್ತೆ, ಅದನ್ನ ನೋಡಿ ರೇಟಲ್ಲಿ ಮೋಸ ಆಗಿದೆ ಅಂದ್ಕೋಬೇಡಿ.

ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ, ರೂಲ್ಸು. ಕಾರ್ಡ್ ತಗೊಂಡಾಗ ಇದ್ದ ಫ್ರೀ ಲಿಮಿಟ್ಟು ಆಮೇಲೆ ಕಮ್ಮಿ ಆಯ್ತು, ತಿಳಿಸಿದ್ದು ಒಂದು ಉದ್ದದ ಮೇಲ್‌ನ ಕೊನೇಲಿ. ಇದು ನನ್ನ ಬ್ಯಾಂಕಿಗೆ ಮಾತ್ರ ಸೀಮಿತ ಅಲ್ಲ, ಈ ಥರ ಕಾರ್ಡ್ ಕೊಡೋ ಹೆಚ್ಚಿನವರು ಜನ ಸೇರೋವರೆಗೂ ಧಾರಾಳವಾಗಿ ಇರ್ತಾರೆ ಆಮೇಲೆ ಬಿಗಿ ಮಾಡ್ತಾರೆ. ಕೆಲವು ಆಪ್ ಆಧಾರಿತ ಕಾರ್ಡುಗಳು ಶನಿವಾರ ಭಾನುವಾರ ಕರೆನ್ಸಿ ಮಾರ್ಕೆಟ್ ಮುಚ್ಚಿರತ್ತೆ ಅಂತ ರೇಟ್ ಮೇಲೆ ಸ್ವಲ್ಪ ಸೇರಿಸ್ತವೆ. ಸೊ ಪ್ರತಿ ಟ್ರಿಪ್ಪಿಗೆ ಮುಂಚೆ ಚಾರ್ಜ್ ಪಟ್ಟಿ ಹೊಸದಾಗಿ ಓದಬೇಕು, ಹೋದ ಸಲ ಫ್ರೀ ಇತ್ತು ಅನ್ನೋದು ಈ ಸಲಕ್ಕೆ ಲೆಕ್ಕಕ್ಕಿಲ್ಲ.

ಇನ್ನೊಂದು ಕೊರಗು ಕಸ್ಟಮರ್ ಕೇರ್. ಒಂದು ಸಲ ಎಟಿಎಂ ಶಬ್ದ ಎಲ್ಲಾ ಮಾಡಿ ದುಡ್ಡು ಕೊಡ್ಲಿಲ್ಲ, ಅಕೌಂಟಲ್ಲಿ ಮಾತ್ರ ಕಟ್ ಆಗಿತ್ತು. ಅಲ್ಲಿನ ಬ್ಯಾಂಕಿನೋರು ನಿಮ್ಮ ಬ್ಯಾಂಕಿಗೇ ಹೇಳಿ ಅಂದ್ರು, ಅದು ಸರಿಯೇ, ಡಿಸ್ಪ್ಯೂಟ್ ಹಾಕಬೇಕಾಗಿರೋದು ಕಾರ್ಡ್ ಕೊಟ್ಟ ಬ್ಯಾಂಕಲ್ಲಿ. ನಾನು ಮಷೀನ್ ನಂಬರ್ ಕಾಣೋ ಹಾಗೆ ಫೋಟೋ, ಸ್ಲಿಪ್, ಟೈಮ್ ಎಲ್ಲಾ ಅಲ್ಲೇ ತಗೊಂಡಿದ್ದೆ, ಅದಕ್ಕೇ ಕೇಸ್ ನಿಂತ್ಕೊಳ್ತು, ದುಡ್ಡೂ ಪೂರ್ತಿ ವಾಪಸ್ ಬಂತು, ಆದ್ರೆ ವಾರಗಟ್ಟಲೆ ಒಂದೇ ಕಥೆಯನ್ನ ಹೊಸ ಹೊಸ ಏಜೆಂಟಿಗೆ ಹೇಳಿದ್ದು ಸಾಕಾಗಿಹೋಯ್ತು. ಅವತ್ತು ಜೇಬಲ್ಲಿ ಎರಡನೇ ಕಾರ್ಡ್ ಇತ್ತು ಅನ್ನೋ ಕಾರಣಕ್ಕೆ ಟ್ರಿಪ್ ನಡೀತು. ಎರಡು ಕಾರ್ಡ್, ಆದಷ್ಟೂ ಬೇರೆ ಬೇರೆ ನೆಟ್‌ವರ್ಕು, ಒಂದು ವೀಸಾ ಒಂದು ಮಾಸ್ಟರ್‌ಕಾರ್ಡ್, ಒಂದು ಪರ್ಸಲ್ಲಿ ಇನ್ನೊಂದು ಬ್ಯಾಗಲ್ಲಿ. ಕಾರ್ಡ್ ಹಿಂದೆ ಪ್ಲಸ್ ಅಥವಾ ಸಿರಸ್ ಅಂತ ಗುರುತಿದ್ರೆ ಮಷೀನ್ ಮೇಲೂ ಅದೇ ಗುರುತು ಇದ್ಯಾ ನೋಡ್ಕೊಳ್ಳಿ, ಎರಡೂ ಎಟಿಎಂ ನೆಟ್‌ವರ್ಕಿನ ಹೆಸರು, ಪ್ಲಸ್ ವೀಸಾದ್ದು, ಸಿರಸ್ ಮಾಸ್ಟರ್‌ಕಾರ್ಡಿಂದು.

ಕ್ರೆಡಿಟ್ ಕಾರ್ಡಲ್ಲಿ ಕ್ಯಾಶ್ ತೆಗೀಬಹುದಲ್ಲ ಅಂತ ಕೇಳ್ಬೇಡಿ, ಬೇಡ. ಕ್ಯಾಶ್ ಅಡ್ವಾನ್ಸ್ ಫೀ ಒಂದು ಕಡೆ, ಬಡ್ಡಿ ತೆಗೆದ ದಿನದಿಂದಲೇ ಶುರು, ಶಾಪಿಂಗಿಗೆ ಸಿಗೋ ಬಡ್ಡಿ ಇಲ್ಲದ ದಿನಗಳು ಇದಕ್ಕೆ ಸಿಗಲ್ಲ. ಕ್ರೆಡಿಟ್ ಕಾರ್ಡೂ ಝೀರೋ ಮಾರ್ಕಪ್ಪೇ ಆಗಿದ್ರೂ ಇದು ಬದಲಾಗಲ್ಲ. ಬೇರೆ ಏನೂ ಕೆಲಸ ಮಾಡದೇ ಇದ್ದಾಗ ಮಾತ್ರ ಅದು.

ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡನ್ನೂ, ಅಂದ್ರೆ ಹೊರಡೋ ಮೊದಲೇ ಫಾರಿನ್ ಕರೆನ್ಸಿ ತುಂಬಿಸ್ಕೊಳ್ಳೋ ಕಾರ್ಡನ್ನೂ, ಡೆಬಿಟ್ ಕಾರ್ಡಿನ ಜೊತೆ ಬಳಸಿ ನೋಡಿದೀನಿ. ರೇಟ್ ಮೊದಲೇ ಲಾಕ್ ಆಗಿರತ್ತೆ ಅನ್ನೋ ನೆಮ್ಮದಿ ಇದೆ, ಖರ್ಚಿಗೆ ಇಷ್ಟೇ ಅಂತ ಕಟ್ಟು ಹಾಕ್ಕೊಳ್ಳೋರಿಗೆ ಒಳ್ಳೇದು, ಕಳೆದುಹೋದ್ರೂ ಮೇನ್ ಅಕೌಂಟಿಗೆ ಕೈ ಹಾಕೋಕಾಗಲ್ಲ. ಆದ್ರೆ ಲೋಡ್ ಮಾಡೋ ರೇಟಲ್ಲೇ ಅವರ ಲಾಭ ಸೇರಿರತ್ತೆ, ಡಾಲರ್ ತುಂಬಿಸಿ ಯುರೋ ಖರ್ಚು ಮಾಡಿದ್ರೆ ಕ್ರಾಸ್ ಕರೆನ್ಸಿ ಚಾರ್ಜು, ಮಿಕ್ಕ ದುಡ್ಡು ವಾಪಸ್ ತೆಗೆಯೋಕೂ ಚಾರ್ಜು. ನಾಲ್ಕೈದು ದೇಶ ಸುತ್ತೋರಿಗೆ ನನ್ನ ಪ್ರಕಾರ ಝೀರೋ ಮಾರ್ಕಪ್ ಡೆಬಿಟ್ಟೇ ಸರಿ. ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ಇರೋ ಸ್ಟೂಡೆಂಟ್ಸಿಗೆ ಇವೆರಡಕ್ಕಿಂತ ಅಲ್ಲೇ ಒಂದು ಅಕೌಂಟ್ ಓಪನ್ ಮಾಡೋದು ವಾಸಿ.

ಹೊರಡೋ ಮುಂಚೆ ಆಪಲ್ಲಿ ಇಂಟರ್‌ನ್ಯಾಷನಲ್ ಎಟಿಎಂ ಆನ್ ಮಾಡಿ, ಆನ್‌ಲೈನ್ ಬೇರೆ ಎಟಿಎಂ ಬೇರೆ ಸ್ವಿಚ್ಚು ಇರತ್ತೆ. ಡೈಲಿ ಲಿಮಿಟ್ ಏರಿಸ್ಕೊಳ್ಳಿ, ಅದು ಎಷ್ಟೋ ಬ್ಯಾಂಕಲ್ಲಿ ನಮ್ಮ ದೇಶದ ಮಧ್ಯರಾತ್ರಿಗೆ ರೀಸೆಟ್ ಆಗೋದು, ನಾವಿರೋ ಊರಿನ ಮಧ್ಯರಾತ್ರಿಗಲ್ಲ. ಪಿನ್ ಆರು ಅಂಕಿದಾಗಿದ್ರೆ ನಾಲ್ಕಕ್ಕೆ ಬದಲಾಯಿಸೋಕೆ ಆಗತ್ತಾ ನೋಡಿ, ಕೆಲವು ದೇಶದ ಮಷೀನು ನಾಲ್ಕೇ ತಗೊಳ್ಳೋದು. ಆಪ್ ಲಾಗಿನ್‌ಗೆ ಓಟಿಪಿ ಬರೋ ಸಿಮ್ ರೋಮಿಂಗಲ್ಲಿ ಇರಲಿ, ಇಲ್ಲಾಂದ್ರೆ ಕಾರ್ಡ್ ಕಳೆದಾಗ ಬ್ಲಾಕ್ ಮಾಡೋಕೂ ಆಗಲ್ಲ. ತೆಗೆಯೋವಾಗ 4,000 ಬದಲು 3,900 ಅಂತ ಹೊಡೀರಿ, ಚಿಲ್ಲರೆ ನೋಟ್ ಸಿಗತ್ತೆ, ದೊಡ್ಡ ನೋಟ್ ತಗೊಳ್ಳಲ್ಲ ಅನ್ನೋ ಟ್ಯಾಕ್ಸಿಯವರ ಜೊತೆ ವಾದ ತಪ್ಪತ್ತೆ. ಆದಷ್ಟೂ ಬ್ಯಾಂಕ್ ಓಪನ್ ಇರೋ ಹೊತ್ತಲ್ಲಿ ಬ್ರಾಂಚ್ ಮುಂದಿನ ಮಷೀನೇ ಬಳಸಿ, ಕಾರ್ಡ್ ನುಂಗಿದ್ರೆ ಒಳಗೆ ಹೋಗಿ ಕೇಳೋಕಾದ್ರೂ ಜನ ಇರ್ತಾರೆ. ಕೆಲವು ಕಡೆ ದುಡ್ಡು ಮೊದಲು ಬಂದು ಕಾರ್ಡ್ ಆಮೇಲೆ ಬರತ್ತೆ, ದುಡ್ಡು ಎಣಿಸ್ತಾ ಹೊರಟುಹೋಗ್ಬೇಡಿ.

ಕೊನೇದಾಗಿ, ಈ ಕಾರ್ಡ್ ಕೆಲಸಕ್ಕೇ ಬಾರದ ಜಾಗಗಳಿವೆ. ಇರಾನ್‌ನಲ್ಲಿ ಹೊರಗಿನ ವೀಸಾ ಮಾಸ್ಟರ್‌ಕಾರ್ಡ್ ಯಾವುದೂ ನಡೆಯಲ್ಲ. ರಷ್ಯಾದಲ್ಲಿ 2022ರ ಮಾರ್ಚಲ್ಲಿ ಎರಡೂ ಕಂಪನಿ ಸೇವೆ ನಿಲ್ಲಿಸಿದ್ಮೇಲೆ ಹೊರಗೆ ಕೊಟ್ಟ ಕಾರ್ಡ್ ಅಲ್ಲಿನ ಎಟಿಎಂನಲ್ಲಿ ಓಡಲ್ಲ. ಕ್ಯೂಬಾದಲ್ಲಿ ಅಮೆರಿಕದ ಬ್ಯಾಂಕುಗಳ ಕಾರ್ಡ್ ನಡೆಯಲ್ಲ. ಅಂಥ ಕಡೆ ಹೋಗೋರು ಮೊದಲೇ ಡಾಲರ್ ಅಥವಾ ಯುರೋ ನೋಟು ತಗೊಂಡು ಹೋಗಿ, ಹೊಸದಾಗಿ ಮಡಿಕೆ ಇಲ್ಲದೆ ಇರೋ ನೋಟು, ಹರಿದಿದ್ದು ಮಾಸಿದ್ದನ್ನ ಎಷ್ಟೋ ಕೌಂಟರಲ್ಲಿ ತಗೊಳ್ಳಲ್ಲ.